ಸ್ಕ್ಯಾನ್‌ನಲ್ಲಿ ಹೊಳೆದದ್ದೆಲ್ಲ ಸೋಂಕಲ್ಲ

ಪ್ರಶ್ನೆ: ಅಮ್ಮನಿಗೆ ಮಂಡಿ ಕೀಲು ಬದಲಿಸಿ ಎಂಟು ತಿಂಗಳಾಯಿತು. ನೋವು, ಊತ ಇನ್ನೂ ಇದೆ. ಪೆಟ್ ಸ್ಕ್ಯಾನ್‌ನಲ್ಲಿ ಮಂಡಿ ಸುತ್ತ ಹೊಳಪು ಕಂಡಿದೆ. ಆದರೂ ಡಾಕ್ಟರ್ ಸೋಂಕು ಅಂತ ಹೇಳುತ್ತಿಲ್ಲ, ಬಿಳಿ ರಕ್ತಕಣದ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ಮತ್ತೆ ಯಾಕೆ ವಿಕಿರಣ?

ಉತ್ತರ: ಆತಂಕ ಆಗೋದು ಸಹಜ. ಆದರೆ ನಿಮ್ಮ ಡಾಕ್ಟರ್ ಆತುರ ಪಡದೇ ಇರುವುದು ಒಳ್ಳೆಯದೇ.

ಪೆಟ್ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಬಳಸುವುದು ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಸಕ್ಕರೆ. ಬ್ಯಾಕ್ಟೀರಿಯಾ ಜೊತೆ ಹೋರಾಡುವ ಬಿಳಿ ಕಣ ಈ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಮಾಯುತ್ತಿರುವ ಗಾಯವೂ ಎಳೆದುಕೊಳ್ಳುತ್ತದೆ, ಕೃತಕ ಕೀಲು ಸಡಿಲವಾಗಿ ಉಜ್ಜಿಕೊಂಡು ಆದ ಉರಿಯೂತವೂ ಅಷ್ಟೇ. ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಮೂಳೆ ಸ್ಕ್ಯಾನ್‌ನಲ್ಲೂ ಇದೇ ಕಷ್ಟ, ಆಪರೇಷನ್ ಆಗಿ ವರ್ಷ ಕಳೆದರೂ ಹೊಳಪು ಉಳಿಯಬಹುದು.

ಬಿಳಿ ರಕ್ತಕಣದ ಸ್ಕ್ಯಾನ್ ಬೇರೆ ಥರ. ಅಮ್ಮನದೇ ರಕ್ತ ತೆಗೆದು, ಅದರಿಂದ ಬಿಳಿ ಕಣ ಬೇರ್ಪಡಿಸಿ, ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಅಥವಾ ಇಂಡಿಯಂ-111 ಸೇರಿಸಿ ವಾಪಸ್ ರಕ್ತನಾಳಕ್ಕೆ ಬಿಡುತ್ತಾರೆ. ಇವುಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್‌ಗಳು, ಬ್ಯಾಕ್ಟೀರಿಯಾ ಇರುವಲ್ಲಿಗೆ ಮೊದಲು ನುಗ್ಗುವ ಕಣ. ಕೆಲವು ಗಂಟೆ ಬಿಟ್ಟು ಒಂದು ಚಿತ್ರ, ಮಾರನೇ ದಿನ ಇನ್ನೊಂದು. ಹೊತ್ತು ಹೋದಂತೆ ಹೊಳಪು ಜಾಸ್ತಿಯಾದರೆ ಅಥವಾ ಹರಡಿದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಇದ್ದಲ್ಲೇ ಇದ್ದರೆ, ಕಡಿಮೆಯಾದರೆ, ಅದು ಬೇರೆ ಕಾರಣವೇ ಇರಬಹುದು. ಮೂಳೆಯ ಮಜ್ಜೆಯೂ ಈ ಕಣಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಲವೊಮ್ಮೆ ಮಜ್ಜೆಯದೇ ಸ್ಕ್ಯಾನ್ ಮಾಡಿ ಹೋಲಿಸಿ ನೋಡಬೇಕಾಗುತ್ತದೆ.

ಇಷ್ಟಾದರೂ ನಮಗೆ ಕಾಣುವುದು ದೇಹದ ಪ್ರತಿಕ್ರಿಯೆ, ಬ್ಯಾಕ್ಟೀರಿಯಾ ಅಲ್ಲ. ನೇರವಾಗಿ ಅದನ್ನೇ ಹಿಡಿಯುವ ಪ್ರಯತ್ನ ವರ್ಷಗಳಿಂದ ನಡೆದಿದೆ. ಸಿಪ್ರೋಫ್ಲಾಕ್ಸಸಿನ್ ಆ್ಯಂಟಿಬಯಾಟಿಕ್‌ಗೆ ಟೆಕ್ನೀಷಿಯಂ ಸೇರಿಸಿ ನೋಡಿದರು, ಆದರೆ ಸೋಂಕಿಲ್ಲದ ಉರಿಯೂತದಲ್ಲೂ ಅದು ಸೇರಿಕೊಳ್ಳುವುದು ಕಂಡುಬಂತು. ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಎಫ್‌ಡಿಎಸ್. ಇದು ಪೆಟ್ ಸ್ಕ್ಯಾನ್‌ಗೆಂದೇ ಫ್ಲೋರಿನ್-18 ಸೇರಿಸಿದ, ಸಾರ್ಬಿಟಾಲ್ ಎಂಬ ಸಕ್ಕರೆಯ ರೂಪ, ಇ. ಕೋಲಿ ಗುಂಪಿನ ಬ್ಯಾಕ್ಟೀರಿಯಾ ಅದನ್ನು ಚೆನ್ನಾಗಿ ತಿನ್ನುತ್ತವೆ, ನಮ್ಮ ಜೀವಕೋಶಗಳು ಅಷ್ಟಾಗಿ ಮುಟ್ಟುವುದಿಲ್ಲ. ಬೇಸರ ಏನೆಂದರೆ ಕೃತಕ ಕೀಲಿನಲ್ಲಿ ಹೆಚ್ಚಾಗಿ ಸೇರಿಕೊಳ್ಳುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಇದರ ಬಲೆಗೆ ಬೀಳುವುದಿಲ್ಲ.

ವಿಕಿರಣದ ಬಗ್ಗೆ: ಟೆಕ್ನೀಷಿಯಂ-99ಎಂ ಪ್ರತಿ 6 ಗಂಟೆಗೆ ಅರ್ಧ ಇಳಿಯುತ್ತದೆ. ಒಂದು ದಿನದಲ್ಲಿ ಉಳಿಯುವುದು ಹದಿನಾರನೇ ಒಂದು ಭಾಗ. ಇಂಡಿಯಂ-111 ಅರ್ಧ ಇಳಿಯಲು ಸುಮಾರು 2.8 ದಿನ ಬೇಕು. ಯಾವುದನ್ನು ಬಳಸುತ್ತಾರೆ ಅಂತ ಕೇಳಿ.

ಇನ್ನೊಂದು, ಇದು ಮುಖ್ಯ. ಮಂಡಿಯ ನೀರು ತೆಗೆದು ಕಲ್ಚರ್ ಪರೀಕ್ಷೆ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಮಾಡಿದ್ದಾರಾ ಕೇಳಿ. ಅದಕ್ಕೆ ಮುಂಚೆ ನೀವೇ ಸುಮ್ನೆ ಆ್ಯಂಟಿಬಯಾಟಿಕ್ ಶುರು ಮಾಡಬೇಡಿ, ಬ್ಯಾಕ್ಟೀರಿಯಾ ಇದ್ದರೂ ಕಲ್ಚರ್‌ನಲ್ಲಿ ಬೆಳೆಯದೇ ಹೋಗಬಹುದು. ಆದರೆ ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಸ್ಕ್ಯಾನ್ ದಿನಕ್ಕಾಗಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.