ತಜ್ಞರ ಬಳಿಗೆ ಯಾವಾಗ ಹೋಗಬೇಕು? ಸಕ್ಕರೆ ಕಾಯಿಲೆ ಮತ್ತು ಹಾರ್ಮೋನ್ ತೊಂದರೆಗಳ ಪ್ರಶ್ನೋತ್ತರ

ಕೋಲಾರ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನನಗೆ 45 ವರ್ಷ. ಏಳು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯ ಗ್ಲುಕೋಮೀಟರಿನಲ್ಲಿ ಖಾಲಿ ಹೊಟ್ಟೆಯಲ್ಲಿ 115ರಿಂದ 130, ತಿಂಡಿಯಾದ ಎರಡು ಗಂಟೆಯ ನಂತರ 160ರಿಂದ 175 ಬರುತ್ತದೆ. ಆದರೆ ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 8.2 ಬಂದಿದೆ. ಇನ್ಸುಲಿನ್ ಬೇಕಾಗಬಹುದು ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೇಳಿದರು. ಮನೆಯವರು ಬೆಂಗಳೂರಿನ ಹಾರ್ಮೋನ್ ತಜ್ಞರಿಗೆ ತೋರಿಸೋಣ ಎನ್ನುತ್ತಾರೆ. ಮುಟ್ಟಿನಲ್ಲಿ ನನಗೆ ರಕ್ತಸ್ರಾವ ಹೆಚ್ಚು; ಹಿಮೋಗ್ಲೋಬಿನ್ 8.4 ಇದೆ. ಏನು ಮಾಡಲಿ?
– ಗೃಹಿಣಿ, ಮುಳಬಾಗಿಲು ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬರೆದ ಹಿಮೋಗ್ಲೋಬಿನ್ ಸಂಖ್ಯೆಯೇ ಇಡೀ ಪತ್ರದಲ್ಲಿ ಮುಖ್ಯವಾದದ್ದು. ನಿಮಗೆ 8.2 ಬಂದಿರುವ ಮೂರು ತಿಂಗಳ ಸರಾಸರಿ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು ಅಳೆಯುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನಗಳಾದ್ದರಿಂದ ಅದು ಎರಡು ಮೂರು ತಿಂಗಳ ಲೆಕ್ಕವನ್ನು ಹೇಳಬಲ್ಲದು. ಕಬ್ಬಿಣಾಂಶದ ಕೊರತೆಯಿದ್ದಾಗ ಹೊಸ ಕಣಗಳ ಹುಟ್ಟು ಕಡಿಮೆಯಾಗಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹೆಚ್ಚು ಕಾಲ ಸಕ್ಕರೆಯ ಜೊತೆಗಿದ್ದ ಕಣಗಳೇ ಹೆಚ್ಚಾಗಿರುವುದರಿಂದ ಸಕ್ಕರೆ ಅಷ್ಟಾಗಿ ಏರದಿದ್ದರೂ ಈ ಸಂಖ್ಯೆ ಮೇಲಕ್ಕೆ ಹೋಗಬಹುದು. ಇದಕ್ಕೆ ವಿರುದ್ಧವಾಗಿ, ಇತ್ತೀಚೆಗೆ ತುಂಬಾ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಅಥವಾ ಕಬ್ಬಿಣದ ಚಿಕಿತ್ಸೆ ಈಗಷ್ಟೇ ಶುರುವಾಗಿದ್ದರೆ ಅದೇ ಸಂಖ್ಯೆ ಇರಬೇಕಾದದ್ದಕ್ಕಿಂತ ಕೆಳಗೆ ಕಾಣಿಸುತ್ತದೆ.

8.2 ಎಂದರೆ ದಿನದ ಸರಾಸರಿ ಸಕ್ಕರೆ ಸುಮಾರು 189 ಇರಬೇಕು. ನಿಮ್ಮ ಮನೆಯ ಲೆಕ್ಕದಲ್ಲಿ ಒಮ್ಮೆಯೂ ಅಷ್ಟು ಬಂದಿಲ್ಲ. ಹಾಗಾದರೆ ಒಂದೋ ರಕ್ತಹೀನತೆ ಪರೀಕ್ಷೆಯ ದಾರಿ ತಪ್ಪಿಸುತ್ತಿದೆ, ಇಲ್ಲವೇ ನೀವು ಅಳೆಯದ ಹೊತ್ತಿನಲ್ಲಿ ಸಕ್ಕರೆ ಏರುತ್ತಿದೆ. ನೀವು ಖಾಲಿ ಹೊಟ್ಟೆಯಲ್ಲಿ ಮತ್ತು ತಿಂಡಿಯ ನಂತರ ಮಾತ್ರ ಅಳೆದಿದ್ದೀರಿ. ಮಧ್ಯಾಹ್ನದ ಊಟದ ನಂತರ ಮತ್ತು ರಾತ್ರಿ ಮುದ್ದೆ ಉಂಡ ಎರಡು ಗಂಟೆಯ ನಂತರವೂ ಒಂದು ವಾರ ಅಳೆದು ಬರೆದಿಡಿ. ನಮ್ಮ ಕಡೆ ರಾಗಿಗೆ ಸಕ್ಕರೆ ಕಾಯಿಲೆಯಲ್ಲಿ ಪೂರ್ತಿ ವಿನಾಯಿತಿ ಇದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ನುಣ್ಣನೆಯ ಹಿಟ್ಟಿನ ದೊಡ್ಡ ಮುದ್ದೆ ಎರಡು ಉಂಡರೆ ಸಕ್ಕರೆ ಅನ್ನದಿಂದ ಏರುವಂತೆಯೇ ಏರುತ್ತದೆ. ಸಣ್ಣ ಮುದ್ದೆಯೊಂದಕ್ಕೆ ಸೊಪ್ಪು, ಕಾಳು ಹೆಚ್ಚಾಗಿರುವ ಬಸ್ಸಾರು ಸೇರಿದರೆ ಮಾತು ಬೇರೆ. ಗ್ಲುಕೋಮೀಟರ್ ಸರಿಯಿದೆಯೇ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ರಕ್ತ ಕೊಡುವ ಹೊತ್ತಿಗೇ ಅದರಲ್ಲೂ ಅಳೆದು ಹೋಲಿಸಿ.

ಇದರ ಜೊತೆಗೆ ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ಸಂಗ್ರಹವನ್ನು ತಿಳಿಸುವುದು), ವಿಟಮಿನ್ ಬಿ12 ಮತ್ತು ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವುದು) ಪರೀಕ್ಷೆಗಳನ್ನು ಮಾಡಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು. ಥೈರಾಯ್ಡ್ ಕುಂದಿದಾಗ ಮುಟ್ಟಿನ ಸ್ರಾವ ಹೆಚ್ಚುವುದುಂಟು. ಸ್ರಾವದ ಕಾರಣ ತಿಳಿಯಲು ಸ್ತ್ರೀರೋಗ ತಜ್ಞರನ್ನು ಕಾಣುವುದನ್ನಂತೂ ಮುಂದೂಡಬೇಡಿ. ಹಿಮೋಗ್ಲೋಬಿನ್ 8.4ಕ್ಕೆ ಇಳಿದಿರುವಾಗ ಮೊದಲು ಆಗಬೇಕಾದ ಕೆಲಸ ಅದು. ರಕ್ತ ಸುಧಾರಿಸುವವರೆಗೆ ಮನೆಯ ಅಳತೆಗಳನ್ನೇ ನೆಚ್ಚಿಕೊಳ್ಳಬಹುದು. ಬೇಕಾದರೆ ಫ್ರಕ್ಟೋಸಮೀನ್ ಎಂಬ, ಹಿಂದಿನ ಎರಡು ಮೂರು ವಾರಗಳ ಸಕ್ಕರೆಯನ್ನು ತಿಳಿಸುವ ಬೇರೊಂದು ಪರೀಕ್ಷೆಯೂ ಇದೆ. ಇನ್ಸುಲಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ರಾತ್ರಿಯ ಅಳತೆಗಳು 250 ದಾಟಿದ್ದು ಕಂಡರೆ ನಿಮ್ಮ ವೈದ್ಯರ ಮಾತೇ ಸರಿಯಾಗಿರಬಹುದು. ಈಗಿನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು ಬೆಂಗಳೂರಿನ ಪ್ರಯಾಣ. ಮಾತ್ರೆಗಳ ಪ್ರಮಾಣ ಹೊಂದಿಸುವುದು, ವರ್ಷಕ್ಕೊಮ್ಮೆ ಕಣ್ಣಿನ ಪಾಪೆಯ ಹಿಂಭಾಗವನ್ನು ನೋಡಿಸುವುದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು ಇವೆಲ್ಲ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲೇ ಆಗಬೇಕಾದ ಕೆಲಸಗಳು. ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳು ಇರುವುದೇ ಅದಕ್ಕಾಗಿ. ಸಕ್ಕರೆ ಪದೇ ಪದೇ 70ಕ್ಕಿಂತ ಕೆಳಗಿಳಿಯುವವರು, ಮೂರು ಬಗೆಯ ಔಷಧಿಗೂ ಬಗ್ಗದವರು, ಮೂತ್ರಪಿಂಡ ಸೋಲುತ್ತಿರುವವರು, ಚಿಕ್ಕ ವಯಸ್ಸಿನಲ್ಲಿ ತೂಕ ಕಳೆದುಕೊಳ್ಳುತ್ತಾ ಕಾಯಿಲೆ ಶುರುವಾದವರು ತಜ್ಞರನ್ನು ಕಾಣಲೇಬೇಕು. ನೀವೂ ಹೋಗಬಹುದು, ತಪ್ಪೇನಿಲ್ಲ. ಆದರೆ ಆ ವಾರದ ಅಳತೆಗಳು, ಹಳೆಯ ವರದಿಗಳು ಮತ್ತು ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇಲ್ಲದೆ ಹೋದರೆ, ಹತ್ತು ನಿಮಿಷದ ಭೇಟಿಯಲ್ಲಿ ಅವರ ಕಣ್ಣಿಗೂ ಬೀಳುವುದು ಆ 8.2 ಒಂದೇ.

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ, ಹದಿನೈದು ವರ್ಷಗಳಿಂದ ಶುಗರ್ ಇದೆ. ಮಾವಿನ ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಹೆಬ್ಬೆರಳ ಕೆಳಗೆ ಗಾಯವಾಗಿ ಹತ್ತು ದಿನವಾಯಿತು. ಅಂಚು ಕಪ್ಪಾಗಿದೆ, ಆದರೆ ನೋವಿಲ್ಲ ಎಂದು ಅರಿಶಿನ ಹಚ್ಚಿಕೊಂಡು ತೋಟಕ್ಕೆ ಹೋಗುತ್ತಿದ್ದಾರೆ.
– ಮಗ, ಶ್ರೀನಿವಾಸಪುರ

ಉತ್ತರ: ಇದನ್ನು ಓದಿದ ದಿನವೇ ಅವರನ್ನು ಕೋಲಾರದ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಶಸ್ತ್ರವೈದ್ಯರ ಬಳಿಗೋ ಕರೆದುಕೊಂಡು ಹೋಗಿ. ನೋವಿಲ್ಲದಿರುವುದು ಒಳ್ಳೆಯ ಸುದ್ದಿಯಲ್ಲ. ಪಾದದ ನರಗಳು ಸ್ಪರ್ಶ ಕಳೆದುಕೊಂಡಿವೆ ಎಂಬುದರ ಗುರುತು ಅದು. ನೋವಿದ್ದರೆ ತಂದೆಯವರು ಆ ಕಾಲನ್ನು ಊರುತ್ತಲೇ ಇರಲಿಲ್ಲ. ಅಂಚು ಕಪ್ಪಾಗಿದ್ದರೆ ರಕ್ತಸಂಚಾರ ಕಡಿಮೆಯಾಗಿರಬಹುದು ಅಥವಾ ಸೋಂಕು ಒಳಗಿಳಿದಿರಬಹುದು. ಪಾದದ ನಾಡಿ ನೋಡಬೇಕು, ಮೂಳೆಗೆ ಸೋಂಕು ತಗುಲಿದೆಯೇ ಎಂದು ಎಕ್ಸ್‌ರೇ ತೆಗೆಸಬೇಕು, ಸತ್ತ ಚರ್ಮವನ್ನು ವೈದ್ಯರೇ ತೆಗೆಯಬೇಕು. ಅಲ್ಲಿಯವರೆಗೆ ಗಾಯದ ಮೇಲೆ ಭಾರ ಬೀಳದಿರಲಿ. ಕಾಲನ್ನು ಬಿಸಿನೀರಿನಲ್ಲಿ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಜ್ವರ, ದುರ್ವಾಸನೆ ಅಥವಾ ಮೇಲೇರುವ ಕೆಂಪು ಕಂಡರೆ ರಾತ್ರಿಯಾದರೂ ಕಾಯಬಾರದು. ಪಾದಕ್ಕೆಂದೇ ವಿಭಾಗವಿರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ. ಅಲ್ಲಿಗೆ ಹೋಗಬೇಕೇ ಎಂಬುದು ಮೊದಲ ಚಿಕಿತ್ಸೆಯ ನಂತರದ ಪ್ರಶ್ನೆ.

ಪ್ರಶ್ನೆ: ನನಗೆ 27 ವರ್ಷ, ಈಗ ಎರಡು ತಿಂಗಳ ಗರ್ಭಿಣಿ. ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಕಾಫಿಯ ಜೊತೆ ತೆಗೆದುಕೊಳ್ಳುತ್ತೇನೆ. ಟಿಎಸ್‌ಎಚ್ 9 ಬಂದಿದೆ. ಮಗುವಿಗೆ ತೊಂದರೆಯಾಗಬಹುದೆಂದು ಅತ್ತೆಯವರು ಮಾತ್ರೆ ನಿಲ್ಲಿಸು ಎನ್ನುತ್ತಾರೆ.
– ಮಾಲೂರು

ಉತ್ತರ: ಖಂಡಿತ ನಿಲ್ಲಿಸಬೇಡಿ. ಈ ಮಾತ್ರೆ ನಿಮ್ಮ ದೇಹವೇ ತಯಾರಿಸಬೇಕಾಗಿದ್ದ ಹಾರ್ಮೋನ್. ಮೊದಲ ತಿಂಗಳುಗಳಲ್ಲಿ ಮಗುವಿನ ಸ್ವಂತ ಥೈರಾಯ್ಡ್ ಕೆಲಸ ಆರಂಭಿಸಿರುವುದಿಲ್ಲವಾದ್ದರಿಂದ ಅದರ ಮೆದುಳಿನ ಬೆಳವಣಿಗೆಗೆ ಬೇಕಾದದ್ದೆಲ್ಲ ನಿಮ್ಮಿಂದಲೇ ಹೋಗಬೇಕು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅವರ ಕಾಳಜಿ ಮಗುವಿನ ಬಗ್ಗೆಯೇ ಇದೆ, ಹೀಗೆ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಟಿಎಸ್‌ಎಚ್ ಏರಿದೆ ಎಂದರೆ ಈ ಹಾರ್ಮೋನ್ ನಿಮಗೆ ಸಾಲುತ್ತಿಲ್ಲ ಎಂದರ್ಥ. ಗರ್ಭಿಣಿಯಾದಾಗ ಸಾಮಾನ್ಯವಾಗಿ ಮಾತ್ರೆಯ ಪ್ರಮಾಣವನ್ನು ಶೇಕಡಾ 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆ, ನಿಮಗೆ ಅದಕ್ಕೂ ಹೆಚ್ಚು ಬೇಕಾಗಬಹುದು. ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಿ. ಟಿಎಸ್‌ಎಚ್ 2.5ರ ಒಳಗೆ ಬರುವಂತೆ ನೋಡಿಕೊಳ್ಳುವುದು ಮತ್ತು ಗರ್ಭದ ಮೊದಲರ್ಧದಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ ಪರೀಕ್ಷಿಸುವುದು ರೂಢಿ. ಮಾತ್ರೆಯನ್ನು ಎದ್ದ ಕೂಡಲೇ ಬರಿ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯಿರಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದರಿಂದ ನಾಲ್ಕು ಗಂಟೆ ದೂರವಿರಲಿ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆಯನ್ನು ಈಗೊಮ್ಮೆ, 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ ಮಾಡಿಸಿ. 140 ಅಥವಾ ಅದಕ್ಕೂ ಹೆಚ್ಚು ಬಂದರೆ ಅದು ಗರ್ಭಾವಧಿಯ ಸಕ್ಕರೆ ಕಾಯಿಲೆ.

ಪ್ರಶ್ನೆ: ನನ್ನ 12 ವರ್ಷದ ಮಗನಿಗೆ ನಾಲ್ಕು ತಿಂಗಳ ಹಿಂದೆ ಟೈಪ್ 1 ಮಧುಮೇಹ ಎಂದು ಇನ್ಸುಲಿನ್ ಶುರು ಮಾಡಿದರು. ಸಂಬಂಧಿಕರು ತಂದ ನಾಟಿ ಔಷಧಿ ಕೊಟ್ಟ ಮೇಲೆ ಇನ್ಸುಲಿನ್ ಅರ್ಧಕ್ಕಿಳಿದಿದೆ. ಪೂರ್ತಿ ನಿಲ್ಲಿಸಬಹುದೇ? ಮನೆಯಲ್ಲಿ ಫ್ರಿಜ್ ಇಲ್ಲ.
– ತಾಯಿ, ಬಂಗಾರಪೇಟೆ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೂ ನಿಲ್ಲಿಸಬಾರದು. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ ಉಳಿದಿರುವ ಕೆಲವೇ ಜೀವಕೋಶಗಳು ಸುಧಾರಿಸಿಕೊಂಡು ಸ್ವಲ್ಪ ಇನ್ಸುಲಿನ್ ಕೊಡತೊಡಗುತ್ತವೆ. ನಾಟಿ ಔಷಧಿ ಕೊಡದ ಮಕ್ಕಳಲ್ಲೂ ಇನ್ಸುಲಿನ್ ಪ್ರಮಾಣ ಹೀಗೆ ಇಳಿಯುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಏರುತ್ತದೆ. ನಾಟಿ ಔಷಧಿಯಿಂದ ಗುಣವಾಯಿತೆಂದು ಎಷ್ಟೋ ಮನೆಗಳು ಮೋಸಹೋಗುವುದು ಈ ಅವಧಿಯಲ್ಲೇ. 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಬದುಕುಳಿಯುತ್ತಿರಲಿಲ್ಲ. ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ವಾಂತಿ, ಹೊಟ್ಟೆನೋವು, ಏದುಸಿರು ಬಂದು ಮಗು ಪ್ರಜ್ಞೆ ತಪ್ಪಬಹುದು.

ಫ್ರಿಜ್ ಇಲ್ಲದಿದ್ದರೆ, ಒಳಗೆ ಒದ್ದೆ ಮರಳು ತುಂಬಿದ ದೊಡ್ಡ ಮಣ್ಣಿನ ಮಡಕೆಯಲ್ಲಿ ಸಣ್ಣ ಕುಡಿಕೆಯನ್ನಿಟ್ಟು, ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಅದರಲ್ಲಿಟ್ಟು ಮುಚ್ಚಿ, ನೆರಳಿನಲ್ಲಿಡಿ. ಬಳಸಲು ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರ ಹೀಗೆ ಬಳಸಬಹುದು; ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ತೆರೆಯದ ಬಾಟಲಿಗಳನ್ನು ನೆರೆಮನೆಯ ಫ್ರಿಜ್‌ನಲ್ಲಿಡಿ, ಮಂಜುಗಡ್ಡೆಯ ಖಾನೆಯಲ್ಲಿ ಮಾತ್ರ ಬೇಡ. ಶಾಲೆಯ ಮೇಷ್ಟ್ರಿಗೆ ಕಾಯಿಲೆಯ ವಿಷಯ ಹೇಳಿಡಿ. ಮಗ ಬೆವರಿ, ನಡುಗಿ, ಮಂಕಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಹದಿನೈದು ನಿಮಿಷದಲ್ಲಿ ಮತ್ತೆ ಅಳೆಯಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಈ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಸಕ್ಕರೆಯ ಪೊಟ್ಟಣದ ಜೊತೆಗೆ ಅವನ ಶಾಲೆಯ ಚೀಲದಲ್ಲೇ ಇಡಿ.