ಪ್ರಜ್ಞೆ ಇಲ್ಲದಿದ್ರೂ ಕಾಲಿನ ಸಿಗ್ನಲ್ ಮೆದುಳಿಗೆ ಹೋಗುತ್ತಾ?

ಪ್ರಶ್ನೆ: ಮಗಳಿಗೆ 14 ವರ್ಷ, ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗೋದು) ಇದೆ, ಬೆನ್ನುಮೂಳೆ ಆಪರೇಷನ್ ಆಗ್ಬೇಕು. ಆಪರೇಷನ್ ನಡೀತಿರೋವಾಗ ಕಾಲಿನ ನರಕ್ಕೆ ಕರೆಂಟ್ ಕೊಟ್ಟು ಮೆದುಳಲ್ಲಿ ಸಿಗ್ನಲ್ ನೋಡ್ತೀವಿ ಅಂತಾರೆ ಡಾಕ್ಟ್ರು. ಸಿಗ್ನಲ್ ಬರುತ್ತೆ ಅಂದ್ರೆ ಅವಳಿಗೆ ನೋವೂ ಗೊತ್ತಾಗುತ್ತೆ ಅಂತ ತಾನೆ?

ಉತ್ತರ: ಇಲ್ಲ, ಗೊತ್ತಾಗಲ್ಲ. ಸಿಗ್ನಲ್ ಮೆದುಳಿಗೆ ಮುಟ್ಟೋದೇ ಬೇರೆ, ಅದು ಅನುಭವಕ್ಕೆ ಬರೋದೇ ಬೇರೆ. ಕಾಲಿನ ಒಳಗಿಣ್ಣಿನ ಹಿಂದೆ ಇರೋ ನರಕ್ಕೆ ಸಣ್ಣ ಕರೆಂಟ್ ಕೊಟ್ರೆ ಅದು ಬೆನ್ನುಹುರಿಯ ಹಿಂಭಾಗದಲ್ಲಿ ಮೇಲಕ್ಕೆ ಹತ್ತಿ ಸುಮಾರು 40 ಮಿಲಿಸೆಕೆಂಡಲ್ಲಿ ಮೆದುಳಿನ ಹೊರಪದರಕ್ಕೆ ಬರುತ್ತೆ, ಮಣಿಕಟ್ಟಿಂದ ಆದ್ರೆ 20 ಸಾಕು. ಅನಸ್ತೇಶಿಯಾದಲ್ಲೂ ಈ ಮೊದಲ ಸ್ಟಾಪ್‌ವರೆಗೆ ಬರುತ್ತೆ, ಅಲ್ಲಿಂದ ಮುಂದೆ ಹರಡಿ "ನೋವು" ಅಂತ ಅನ್ನಿಸೋ ಕೆಲಸ ಮಾತ್ರ ನಿಂತಿರುತ್ತೆ. ಹೀಗೆ ಬರೋ ಸಿಗ್ನಲ್ ಅಲೆಯೂ ಒಂದೆರಡು ಮೈಕ್ರೋವೋಲ್ಟ್ ಅಷ್ಟೇ, ಇಇಜಿ (ಮೆದುಳಿನ ಮಾಮೂಲಿ ವಿದ್ಯುತ್ ಚಟುವಟಿಕೆ) ಗದ್ದಲದಲ್ಲಿ ಕಾಣೋದೇ ಇಲ್ಲ, ಅದಕ್ಕೇ ನೂರಾರು ಸಲ ಕರೆಂಟ್ ಕೊಟ್ಟು ಸರಾಸರಿ ತೆಗೀತಾರೆ.

ಅನಸ್ತೇಶಿಯಾ ಔಷಧಿನೇ ಈ ಅಲೆನ ಕುಗ್ಗಿಸುತ್ತೆ ಅನ್ನೋದೇ ದೊಡ್ಡ ತಲೆನೋವು. ಸೆವೋಫ್ಲುರೇನ್ ಥರದ ಗ್ಯಾಸ್ ಜಾಸ್ತಿ ಕೊಟ್ಟಷ್ಟೂ ಅಲೆ ಸಣ್ಣದಾಗುತ್ತೆ, ಹಾಗಾಗಿ ಇಂಥ ಕೇಸಲ್ಲಿ ರಕ್ತನಾಳಕ್ಕೆ ಕೊಡೋ ಪ್ರೊಪೊಫಾಲ್ ಅನ್ನೋ ಔಷಧಿಯ ಡ್ರಿಪ್ ಕಡೆಗೇ ಹೆಚ್ಚು ಒಲವು, ಕೆಟಮಿನ್ ಅನ್ನೋ ಇನ್ನೊಂದು ಔಷಧಿ ಅಂತೂ ಅಲೆನ ಸ್ವಲ್ಪ ದೊಡ್ಡದೇ ಮಾಡುತ್ತೆ. ಶುರುವಿನಲ್ಲಿ ಅವಳದ್ದೇ ಒಂದು ಬೇಸ್‌ಲೈನ್ (ಹೋಲಿಸೋಕೆ ಮೊದಲ ಅಳತೆ) ತಗೊಂಡು ಅಲೆಯ ಎತ್ತರ ಅದರ ಅರ್ಧಕ್ಕೆ ಇಳಿದ್ರೆ ಅಥವಾ ಶೇ 10ರಷ್ಟು ತಡವಾಗಿ ಬಂದ್ರೆ ಬೆನ್ನುಹುರಿಗೆ ತೊಂದರೆ ಆಗ್ತಿರಬಹುದು ಅಂತ ಅಲರ್ಟ್. ಆಗ ಎಲ್ರೂ ಮೊದ್ಲು ನೋಡೋದು ಮಣಿಕಟ್ಟಿಗೂ ಕರೆಂಟ್ ಕೊಟ್ಟು ಕೈಯಿಂದ ಬರೋ ಅಲೆನ: ಕೈದೂ ಕಾಲಿಂದೂ ಒಟ್ಟಿಗೆ ಇಳಿದ್ರೆ ಔಷಧಿ ಅಥವಾ ಬಿಪಿ ಮೇಲೆ ಅನುಮಾನ, ಕೈ ಸರಿಯಿದ್ದು ಕಾಲಿಂದು ಮಾತ್ರ ಬಿದ್ರೆ ಸರ್ಜನ್ ಕೈ ನಿಲ್ಲಿಸ್ತಾರೆ, ಬಿಪಿ ಏರಿಸ್ತಾರೆ, ಮೂಳೆಗೆ ಹಾಕಿದ ಸ್ಕ್ರೂ ನೋಡ್ತಾರೆ, ಬೇಕಾದ್ರೆ ನೇರ ಮಾಡಿದ ಮೂಳೆನ ಸಡಿಲ ಬಿಡ್ತಾರೆ.

ಆದ್ರೆ ಇದು ಸ್ಪರ್ಶದ ದಾರಿ ಮಾತ್ರ ಕಾಯೋದು. ಕಾಲು ಆಡಿಸೋ ದಾರಿ ಬೆನ್ನುಹುರಿಯಲ್ಲಿ ಬೇರೆ ಕಡೆ ಇದೆ, ರಕ್ತ ಬರೋ ನಾಳನೂ ಬೇರೆ, ಅಲೆ ಚೆನ್ನಾಗಿದ್ದೂ ಕಾಲಿನ ಬಲ ಹೋಗಬಹುದು. ಮೋಟಾರ್ ಮಾನಿಟರಿಂಗ್ (ಕಾಲು ಆಡಿಸೋ ದಾರಿಯ ಟೆಸ್ಟ್) ಕೂಡ ಮಾಡ್ತೀರಾ ಅಂತ ಕೇಳಿ, ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. ಹಿಂದೆ ಪೇಷಂಟನ್ನ ಮಧ್ಯದಲ್ಲಿ ಎಬ್ಬಿಸಿ ಕಾಲ್ಬೆರಳು ಆಡಿಸು ಅಂತಿದ್ರು, 1973ರಲ್ಲಿ ಸ್ಟಾಗ್ನಾರಾ ಅನ್ನೋ ಸರ್ಜನ್ ತಂಡ ವಿವರಿಸಿದ್ದು, ಅನುಮಾನ ಬಗೆಹರೀದಿದ್ರೆ ಈಗಲೂ ಮಾಡೋದುಂಟು.

ಮೋಟಾರ್ ಟೆಸ್ಟ್‌ಗೆ ಕರೆಂಟ್ ಕೊಡೋದು ತಲೆಗೆ, ಹಾಗಾಗಿ ಮಗಳಿಗೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ ಮುಂಚೆನೇ ಹೇಳ್ಬಿಡಿ. ದವಡೆ ಬಿಗಿಯುತ್ತೆ ಅಂತ ಹಲ್ಲಿನ ಮಧ್ಯೆ ಮೆತ್ತನೆ ಬೈಟ್ ಬ್ಲಾಕ್ ಇಡ್ತಾರೆ, ಆದ್ರೂ ನಾಲಿಗೆಗೆ ಸ್ವಲ್ಪ ಗಾಯ ಆಗಬಹುದು, ಸಾಮಾನ್ಯವಾಗಿ ತಾನೇ ಮಾಯುತ್ತೆ.