ವಸ್ತಾದರು ಕುಡಿದು ಬಂದ ದಿನ ಗರಡಿ ಯಾರ ಕೈಯಲ್ಲಿ?

ಪ್ರಶ್ನೆ: ನಾನು ಮುಧೋಳ ಕಡೆಯ ಹಳ್ಳಿಯವನು, 24 ವರ್ಷ. ಸಣ್ಣವನಿದ್ದಾಗಿನಿಂದ ನಮ್ಮೂರ ವಸ್ತಾದರ ಹತ್ತಿರವೇ ಕುಸ್ತಿ ಕಲಿತೆ. ಹೋದ ವರ್ಷ ಅವರ ಒಬ್ಬನೇ ಮಗ, ತಾಲೀಮಿನಲ್ಲಿ ನನ್ನ ಜೋಡಿ, ಜಾತ್ರೆ ಕುಸ್ತಿ ಮುಗಿಸಿ ಬರುವಾಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅಂದಿನಿಂದ ವಸ್ತಾದರಿಗೆ ಕುಡಿತ. ಮೊದಲು ರಾತ್ರಿ ಮಾತ್ರ ಇತ್ತು, ಈಗ ಮುಂಜಾನೆ ತಾಲೀಮಿಗೂ ವಾಸನೆ ಬರುತ್ತದೆ. ಹೋದ ತಿಂಗಳು ಸಿಟ್ಟಿನಲ್ಲಿ 13 ವರ್ಷದ ಹುಡುಗನೊಬ್ಬನನ್ನು ಎತ್ತಿ ಒಗೆದರು. ಅವನ ಗೋಣು ಉಳುಕಿತು. ‘ಆಡುವಾಗ ಬಿದ್ದ’ ಎಂದು ಅವನ ತಾಯಿಗೆ ನಾನೇ ಸುಳ್ಳು ಹೇಳಿದೆ. ವಸ್ತಾದರ ಮನೆಯವರು ಊಟದಲ್ಲಿ ಬೆರೆಸಲು ಕುಡಿತ ಬಿಡಿಸುವ ಪುಡಿ ತಂದಿಟ್ಟಿದ್ದಾರೆ. ಜಾತ್ರೆ ಹತ್ತಿರ ಬಂತು. ನಿಜ ಹೇಳಿದರೆ ಗುರುದ್ರೋಹ, ಗರಡಿಯೂ ಮುಚ್ಚುತ್ತದೆ. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಆ ಹುಡುಗನ ಮಾತು. ತಿಂಗಳಾಯಿತಲ್ಲ ಎಂದು ಬಿಡಬೇಡ. ಗೋಣು ಇನ್ನೂ ನೋಯುತ್ತಿದ್ದರೆ, ಕೈ ಜುಮುಗುಡುತ್ತಿದ್ದರೆ, ಹಿಡಿತ ಸಡಿಲಾಗಿದ್ದರೆ ತಡಮಾಡದೆ ಎಲುಬಿನ ಡಾಕ್ಟರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ಗೋಣು ತಿರುವಿ ‘ಕಟಕ್’ ಅನ್ನಿಸುವವರ ಹತ್ತಿರ ಮಾತ್ರ ಬೇಡ. ಏಟು ಹೇಗೆ ಬಿತ್ತು ಎಂದು ಡಾಕ್ಟರು ಕೇಳುತ್ತಾರೆ, ಆ ತಾಯಿಗೆ ನಿಜ ಗೊತ್ತಿರಬೇಕು. ನೀನೇ ಹೋಗಿ ಹೇಳು. ಬೈಯುತ್ತಾಳೆ, ಬೈಸಿಕೋ.

ಗುರುದ್ರೋಹ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ ಬೇರೆ ಯಾವನಾದರೂ ದೊಡ್ಡ ಪೈಲ್ವಾನ ಆ ಹುಡುಗನನ್ನು ಹಾಗೆ ಒಗೆದಿದ್ದರೆ ನಿನ್ನ ವಸ್ತಾದರು ಕೋಲು ಹಿಡಿದು ಅವನನ್ನು ಹೊರಗೆ ಅಟ್ಟುತ್ತಿದ್ದರು, ಹೌದಲ್ಲ? ನೀನು ಕಲಿತದ್ದು ಆ ವಸ್ತಾದರ ಹತ್ತಿರ. ಅವರ ಶಿಸ್ತನ್ನೇ ನಡೆಸು. ವಾಸನೆ ಬಂದ ದಿನ ಹುಡುಗರಿಗೆ ದಂಡ, ಬೈಠಕ್ ಹೊಡೆಸು, ಓಡಿಸು, ಹಗ್ಗ ಹತ್ತಿಸು. ಜೋಡಿ ಹಚ್ಚಿ ಕುಸ್ತಿ ಆಡಿಸುವುದು ಬೇಡ. ಹುಡುಗರ ಎದುರು ವಾದವೂ ಬೇಡ. ‘ವಸ್ತಾದ್ರ, ಇವತ್ತ ನಾ ನೋಡ್ಕೋತೀನ್ರಿ’ ಅಂದರೆ ಸಾಕು. ನಿನ್ನ ಓರಗೆಯ ಇಬ್ಬರನ್ನು ಜೊತೆಗಿಟ್ಟುಕೋ, ಒಬ್ಬನೇ ನಿಂತರೆ ಅವರ ಕಣ್ಣಿಗೆ ನೀನು ಎದುರಾಳಿ ಆಗುತ್ತೀ.

ಆ ಪುಡಿಯನ್ನು ಇವತ್ತೇ ಚೆಲ್ಲಿಸು. ಅಂಥದರಲ್ಲಿ ಏನು ಬೆರೆತಿರುತ್ತದೋ ದೇವರೇ ಬಲ್ಲ. ಡಾಕ್ಟರೇ ಕೊಡುವ ಡೈಸಲ್ಫಿರಾಮ್ ಎಂಬ ಗುಳಿಗೆ ಒಂದಿದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಕದ್ದು ಸಾರಿನಲ್ಲಿ ಹಾಕುವ ಔಷಧ ಯಾವುದೂ ಇಲ್ಲ.

ಸವದತ್ತಿ ಗುಡ್ಡಕ್ಕೆ ಕರೆದೊಯ್ದು ಆಣೆ ಮಾಡಿಸೋಣ ಎನ್ನುವವರೂ ಬರುತ್ತಾರೆ. ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಮುಂಜಾನೆಯೇ ಕುಡಿಯುವ ಮಟ್ಟಕ್ಕೆ ಹೋದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು–ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣುವ ಸನ್ನಿಯೂ ಹಿಡಿಯಬಹುದು. ಇದರಿಂದ ಸತ್ತವರಿದ್ದಾರೆ. ಪೈಲ್ವಾನನ ಗಟ್ಟಿ ಮೈ ಇದನ್ನು ತಡೆಯುವುದಿಲ್ಲ. ಬಿಡಿಸುವುದು ಡಾಕ್ಟರ ಕಣ್ಣೆದುರಿಗೇ ಆಗಬೇಕು, ನಡುಕ, ಫಿಟ್ಸ್ ತಡೆಯುವ ಗುಳಿಗೆ ಮತ್ತು ಬಿ1 ವಿಟಮಿನ್ ಕೊಟ್ಟು. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಿ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ವಸ್ತಾದರ ಜೊತೆ ಮಾತು. ಕುಡಿಯಬೇಡ ಎಂದು ಊರೆಲ್ಲ ಹೇಳಿರುತ್ತದೆ. ಮಗನ ಬಗ್ಗೆ ಯಾರು ಮಾತಾಡಿದ್ದಾರೆ? ದಿನಕರ್ಮ ಮುಗಿದ ಮೇಲೆ ಆ ಹೆಸರು ಎತ್ತುವುದನ್ನೇ ನಮ್ಮವರು ಬಿಡುತ್ತಾರೆ, ‘ಪಾಪ, ನೆನಪಾದೀತು’ ಎಂದು. ಮರೆತಿದ್ದರಲ್ಲವೇ ನೆನಪಾಗಲಿಕ್ಕೆ! ನಿನ್ನ ಪತ್ರದಲ್ಲೂ ಅವನಿಗೆ ಸಿಕ್ಕಿದ್ದು ಒಂದೇ ಸಾಲು. ಜೊತೆಗೆ ಮಣ್ಣಿಗಿಳಿದವನು ನೀನು, ನಿನ್ನ ದುಃಖಕ್ಕೂ ಯಾರೂ ಕಿವಿ ಕೊಟ್ಟಂತಿಲ್ಲ. ಅವರು ಎಚ್ಚರದಲ್ಲಿರುವ ಹೊತ್ತು ನೋಡಿ ಹತ್ತಿರ ಕೂಡು. ಅವನ ಯಾವ ಡಾವು ನಿನಗೆ ಕೊನೆಯವರೆಗೂ ಬಿಡಿಸಿಕೊಳ್ಳಲಾಗಲಿಲ್ಲ ಎಂದು ಹೇಳು. ಅವರು ಅತ್ತರೆ ಸಮಾಧಾನ ಮಾಡಲು ಅವಸರಿಸಬೇಡ. ಆಸ್ಪತ್ರೆಯ ಮಾತು ಅವತ್ತೇ ಬೇಡ, ಎರಡನೇ ಸಲ ತೆಗೆ, ‘ನಾನೂ ಬರ್ತೀನ್ರಿ’ ಎಂದು ಸೇರಿಸು. ‘ಸತ್ತರೆ ಸಾಕು’ ಎಂಬ ಮಾತು ಬಂದರೆ ಮಾತ್ರ ಕಾಯಬೇಡ, ಅವರನ್ನು ಒಂಟಿ ಬಿಡದೆ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಗರಡಿ ಮುಚ್ಚೀತು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಊರ ಹಿರಿಯರಿಗೆ ಇಷ್ಟು ಹೇಳಿ: ವಸ್ತಾದರಿಗೆ ಆರಾಮಿಲ್ಲ, ತೋರಿಸುತ್ತಿದ್ದೇವೆ, ಅಲ್ಲಿಯವರೆಗೆ ತಾಲೀಮು ನಾವು ನಡೆಸುತ್ತೇವೆ. ವಸ್ತಾದರು ಆಸ್ಪತ್ರೆಗೆ ಒಪ್ಪದಿದ್ದರೂ ಹುಡುಗರ ವಿಷಯದಲ್ಲಿ ಸಡಿಲ ಬಿಡಬೇಡ. ಕುಡಿತ ಬಿಟ್ಟು ಮತ್ತೆ ಹಿಡಿಯುವುದೂ ಉಂಟು. ಆಗ ಬೈಯದೆ ಮತ್ತೆ ಕರೆದೊಯ್ಯಬೇಕು. ಈ ಜಾತ್ರೆಗೆ ಸಣ್ಣ ಹುಡುಗರು ಇಳಿಯದಿದ್ದರೂ ನಡೆದೀತು, ಮುಂದಿನ ವರ್ಷ ಇಳಿಯಲಿ.